ಇಸಿ 5ನೇ ಸೆಮ್, ಓದಿನ ಜೊತೆ ಕೆಲಸ: ಸೋಲ್ಡರಿಂಗೋ, ಪಿಸಿಬಿ ಲೇಔಟೋ, ಪಂಪಿನ ಮೊಬೈಲ್ ಸ್ಟಾರ್ಟರೋ? ಮಾಡಿದವರು ಅನುಭವ ಹೇಳಿ

ತುಮಕೂರು_ಇಸಿ
ಎಲ್ಲರಿಗೂ ನಮಸ್ಕಾರ. ಇಸಿ 5ನೇ ಸೆಮ್ ಓದ್ತಿದೀನಿ, ತುಮಕೂರು. ಸಂಜೆ 5ರ ಮೇಲೆ ಮತ್ತು ಶನಿವಾರ, ಭಾನುವಾರ ಸೇರಿ ವಾರಕ್ಕೆ 15 ಗಂಟೆ ಸಿಗುತ್ತೆ. ಹಾಸ್ಟೆಲ್ ಮೆಸ್ಸಿಗೆ ತಿಂಗಳಿಗೆ 6,000 ಬಂದರೆ ಸಾಕು. ಕೈಯಲ್ಲಿ ಉಳಿಸಿದ್ದು 12,000 ಇದೆ. ಸಿ ಪ್ರೋಗ್ರಾಮಿಂಗ್ ಬರುತ್ತೆ, ಇಎಸ್‌ಪಿ32 (ವೈಫೈ ಇರೋ ಪ್ರೊಸೆಸರ್ ಚಿಪ್) ಮೇಲೆ ಎರಡು ಮಿನಿ ಪ್ರಾಜೆಕ್ಟ್ ಮಾಡಿದೀನಿ, ಎಸ್‌ಎಂಡಿ 0805 (ಬೋರ್ಡಿನ ಮೇಲ್ಮೈಗೆ ಕೂರೋ ಪುಟ್ಟ ಪಾರ್ಟು) ವರೆಗೆ ಕೈ ಓಡುತ್ತೆ. ಮೂರು ದಾರಿ ಕಾಣ್ತಿವೆ. ವಸಂತನರಸಾಪುರದ ಕಡೆ ಒಂದು ಯೂನಿಟ್ಟಿನಲ್ಲಿ ಪೀಸ್ ರೇಟಿಗೆ ಸೋಲ್ಡರಿಂಗ್. ಇಲ್ಲ ಆನ್‌ಲೈನಲ್ಲಿ ಪಿಸಿಬಿ ಲೇಔಟ್, ಅಂದರೆ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬಿಡಿಸೋದು. ಇಲ್ಲ ಶಿರಾ ಹತ್ತಿರ ನಮ್ಮೂರಲ್ಲಿ ನಾಲ್ಕೈದು ಜನ ರೈತರು ಪಂಪಿಗೆ ಫೋನಿಂದಲೇ ಆನ್-ಆಫ್ ಮಾಡೋ ಮೊಬೈಲ್ ಸ್ಟಾರ್ಟರ್ ಮಾಡಿಕೊಡು ಅಂತಿದ್ದಾರೆ. ಯಾವುದರಿಂದ ಶುರು ಮಾಡಲಿ?

ಪೀಣ್ಯ_ಸಂಜೆಪಾಳಿ
ಪೀಸ್ ರೇಟ್ ಅಂದಾಗ ಮೊದಲು ಕೇಳಬೇಕಾದ್ದು ರೇಟಲ್ಲ, ವಾಪಸ್ ಬಂದ ಬೋರ್ಡು ಯಾರ ಲೆಕ್ಕಕ್ಕೆ ಅನ್ನೋದು. ನನ್ನ ಲೆಕ್ಕ ಇಡ್ತೀನಿ, ನೋಡಿ.

ಪಾರ್ಟ್ ತುಂಬಿಸಿ ಕೊಟ್ಟ ಬೋರ್ಡು, 46 ಜಾಯಿಂಟು, 11 ರೂಪಾಯಿ. ಕೈ ಕೂತ ಮೇಲೆ ಗಂಟೆಗೆ 9 ಬೋರ್ಡ್, ಅಂದರೆ 99 ರೂಪಾಯಿ. ಮೊದಲ ತಿಂಗಳು ಗಂಟೆಗೆ 5 ದಾಟಲ್ಲ. ದಿನಕ್ಕೆ 3 ಗಂಟೆ, ವಾರಕ್ಕೆ 4 ದಿನ, ತಿಂಗಳಿಗೆ 432 ಬೋರ್ಡ್, 4,752 ರೂಪಾಯಿ. ನೂರಕ್ಕೆ 4 ವಾಪಸ್ ಬರುತ್ತೆ ಅಂತಿಟ್ಕೊಳ್ಳಿ, 17 ಬೋರ್ಡು. ಒಂದೊಂದಕ್ಕೂ 12 ನಿಮಿಷ, ಕಾಸಿಲ್ಲ. ಮೂರೂವರೆ ಗಂಟೆ ಹಾಗೇ ಹೋಯ್ತು.

ವಾಪಸ್ ಬರೋದರಲ್ಲಿ ಮುಕ್ಕಾಲು ಪಾಲು ಗ್ರೌಂಡ್ ಪಿನ್ನು. ಥರ್ಮಲ್ ರಿಲೀಫ್ (ಶಾಖ ಹರಿಯೋದನ್ನ ತಡೆಯೋ ಸಣ್ಣ ಸಂದು) ಇಲ್ಲದೆ ನೇರ ತಾಮ್ರದ ಪ್ಲೇನಿಗೆ (ಬೋರ್ಡು ತುಂಬ ಹರಡಿರೋ ತಾಮ್ರದ ಪದರ) ಸೇರಿಸಿರ್ತಾರೆ, ಪ್ಲೇನು ಶಾಖ ಎಳ್ಕೊಳ್ಳುತ್ತೆ. ಮೇಲಿಂದ ನೋಡಿದರೆ ಸೀಸ ಹೊಳೀತಿರುತ್ತೆ, ತೂತಿನೊಳಗೆ ಅರ್ಧವೂ ಇಳಿದಿರಲ್ಲ. ತಪಾಸಣೆಯವರು 75 ಶೇಕಡಾ ತುಂಬಿರಬೇಕು ಅಂತಾರೆ, ಅದು ಐಪಿಸಿ (ಎಲೆಕ್ಟ್ರಾನಿಕ್ಸ್ ತಯಾರಿಕೆಯ ಮಾನದಂಡ) ನಿಯಮ. ಹೊಸಬರು ತಕ್ಷಣ ಐರನ್ 420ಕ್ಕೆ ಏರಿಸ್ತಾರೆ. ಆಗ ಪ್ಯಾಡು (ಪಿನ್ನು ಕೂರೋ ತಾಮ್ರದ ಜಾಗ) ಏಳುತ್ತೆ, ಬಿಟ್ಟು (ಐರನ್ನಿನ ಮೊನೆ) ಕಪ್ಪಾಗುತ್ತೆ. ಬೇಕಾಗಿರೋದು ಜಾಸ್ತಿ ಡಿಗ್ರಿ ಅಲ್ಲ, ಜಾಸ್ತಿ ಮೈ ಇರೋ ಬಿಟ್ಟು. ಸೂಜಿ ಮೊನೆಯ ಬಿಟ್ಟು ತೆಗೆದು 2.4 ಮಿಲಿಮೀಟರ್ ಉಳಿ ಬಿಟ್ಟು ಹಾಕಿ, 350-360ರಲ್ಲಿಡಿ, ಪಿನ್ನಿಗೆ ಫ್ಲಕ್ಸ್ ಹಚ್ಚಿ, ಪಿನ್ನು-ಪ್ಯಾಡು ಎರಡನ್ನೂ ಮುಟ್ಟಿಸಿ ಎರಡು ಸೆಕೆಂಡ್ ಕಾದು ಆಮೇಲೆ ತಂತಿ ಕೊಡಿ. 180 ರೂಪಾಯಿಯ ಬಿಟ್ಟು 420ರಲ್ಲಿ ಮೂರು ವಾರ ಬಾಳಲ್ಲ, 340ರಲ್ಲಿ ನಾಲ್ಕು ತಿಂಗಳು ಬಂದಿದೆ. ಆಫ್ ಮಾಡೋ ಮೊದಲು ಮೊನೆಗೆ ಸೀಸ ಹಚ್ಚಿಡಬೇಕು.

ತಂತಿ 63/37 (63 ಪಾಲು ತವರ, 37 ಪಾಲು ಸೀಸ) ಕೊಡ್ತಾರಾ ಕೇಳಿ. ಅದು 183 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಗಟ್ಟಿಯಾಗುತ್ತೆ. 60/40 ಸ್ವಲ್ಪ ಹೊತ್ತು ಮುದ್ದೆ ಥರ ಇರುತ್ತೆ, ಆ ಹೊತ್ತಲ್ಲಿ ಬೋರ್ಡ್ ಅಲುಗಿದರೆ ಜಾಯಿಂಟು ಮಂಕಾಗಿ ಒಳಗೇ ಬಿರುಕು ಬಿಡುತ್ತೆ. ಸೀಸ ಮುಟ್ಟಿದ ಕೈಯಲ್ಲಿ ಬನ್ನು, ಟೀ ಮುಟ್ಟಬೇಡಿ. ಸೋಪು ಹಾಕಿ ತೊಳೀರಿ.

ಸುರತ್ಕಲ್_ಲೇಔಟ್
ಲೇಔಟಿಗೆ ಹಣ ಉಂಟು ಮಾರಾಯ್ರೆ, ಆದರೆ ಬೋರ್ಡ್ ಮಾಡಿಸಿಕೊಡುವ ಜವಾಬ್ದಾರಿ ಮೈಮೇಲೆ ಹಾಕಿಕೊಂಡರೆ ಗಂಟೂ ಹೋಗ್ತದೆ. "ಐದು ಬೋರ್ಡ್ ಎರಡು ಡಾಲರ್" ಅನ್ನುವುದನ್ನು ನೋಡಿ ರೇಟ್ ಹೇಳಿದ ಒಂದು ಕೆಲಸದ ಲೆಕ್ಕ ಇದು. ಇಎಸ್‌ಪಿ32 ಮಾಡ್ಯೂಲು, ಟೈಪ್-ಸಿ, ಲಿಥಿಯಂ ಸೆಲ್. ಬೋರ್ಡ್ ಸೇರಿ 6,000 ಅಂತ ಒಪ್ಪಂದ.

ಒಂದು ಸುತ್ತಿನ ಖರ್ಚು: ಬೋರ್ಡ್ 170, ಸಾಗಾಟ 1,650, ಕಸ್ಟಮ್ಸ್ ತೆರಿಗೆ 720, ಪಾರ್ಟ್ಸ್ 1,400. ಒಟ್ಟು 3,940. ಒಂದು ಸುತ್ತಿಗೆ 16 ದಿನ.

ಮೊದಲನೇ ಸುತ್ತು ಹೋದದ್ದು ಎಎಂಎಸ್1117 ರೆಗ್ಯುಲೇಟರಿನಿಂದ. ಅದರ ದೊಡ್ಡ ಟ್ಯಾಬು ಗ್ರೌಂಡ್ ಅಲ್ಲ, ಔಟ್‌ಪುಟ್. ಶಾಖ ಇಳಿಯಲಿ ಅಂತ ಟ್ಯಾಬನ್ನು ಗ್ರೌಂಡ್ ಪ್ಲೇನಿಗೆ ಸೇರಿಸಿದರೆ 3.3 ವೋಲ್ಟು ನೇರ ಶಾರ್ಟ್. ಸ್ಕೀಮ್ಯಾಟಿಕ್ ಚಿಹ್ನೆಯಲ್ಲೇ ಪಿನ್ ತಪ್ಪಿದ್ದರೆ ಡಿಆರ್‌ಸಿ (ಲೇಔಟಿನ ತಪ್ಪು ಹುಡುಕುವ ತಂತ್ರಾಂಶ) ಹಿಡಿಯುವುದಿಲ್ಲ, ಅದಕ್ಕೆ ಎಲ್ಲವೂ ಸರಿಯೇ ಕಾಣ್ತದೆ. ಮತ್ತೆ ಆ ರೆಗ್ಯುಲೇಟರೇ ಸೆಲ್ಲಿಗೆ ಆಗುವುದಿಲ್ಲ. ಒಂದು ವೋಲ್ಟಿಗಿಂತ ಹೆಚ್ಚು ತಾನೇ ತಿಂತದೆ. ಸೆಲ್ಲು ತುಂಬಿದ್ದರೂ 4.2, ಅಲ್ಲಿಂದ 3.3 ಸಿಗುವುದು ಹೇಗೆ? ವೈಫೈ ಕಳಿಸುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಬ್ರೌನ್‌ಔಟ್, ಮತ್ತೆ ಬೂಟ್, ಮತ್ತೆ ಬ್ರೌನ್‌ಔಟ್. ಎಪಿ2112ಕೆ ರೆಗ್ಯುಲೇಟರ್ ಹಾಕಿ, 600 ಮಿಲಿಆಂಪ್ ಕೊಡ್ತದೆ, ಮಾಡ್ಯೂಲಿನ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಇಡಿ.

ಎರಡನೇ ಸುತ್ತು ಹೋದದ್ದು ಟೈಪ್-ಸಿಯ ಎರಡು ಸಿಸಿ ಪಿನ್ನುಗಳನ್ನು ಸೇರಿಸಿ ಒಂದೇ 5.1 ಕಿಲೋಓಮ್ ಹಾಕಿದ್ದಕ್ಕೆ. ಹಳೇ ಎ-ಟು-ಸಿ ಕೇಬಲಿನಲ್ಲಿ ಓಡ್ತದೆ. ಲ್ಯಾಪ್‌ಟಾಪಿನ ದಪ್ಪ ಸಿ-ಟು-ಸಿ ಕೇಬಲಿನಲ್ಲಿ ಚಿಪ್ಪಿದ್ದರೆ ಚಾರ್ಜರು ಕರೆಂಟೇ ಕೊಡುವುದಿಲ್ಲ. 2019ರಲ್ಲಿ ಬಂದ ರಾಸ್ಪ್‌ಬೆರ್ರಿ ಪೈ 4ರ ಮೊದಲ ಬೋರ್ಡಿನಲ್ಲೂ ಇದೇ ತಪ್ಪಿತ್ತು. ಒಂದೊಂದು ಪಿನ್ನಿಗೂ ಬೇರೆ ಬೇರೆ 5.1 ಬೇಕು.

ಎರಡು ಸುತ್ತಿಗೆ 7,880. ಬಂದದ್ದು 6,000. ಈಗಿನ ಕ್ರಮ ಹೀಗೆ: ಸ್ಕೀಮ್ಯಾಟಿಕ್ ಪಿಡಿಎಫ್ ಕಳಿಸಿ "ಸರಿ ಇದೆ" ಅಂತ ಮೇಲ್ ಬಂದ ಮೇಲೆಯೇ ಲೇಔಟ್. 40 ಶೇಕಡಾ ಮುಂಗಡ. ಪೂರ್ತಿ ಹಣ ಬಂದ ಮೇಲೆ ಗರ್ಬರ್ (ಬೋರ್ಡ್ ತಯಾರಿಸುವ ಫೈಲು). ಬೋರ್ಡ್ ಆರ್ಡರ್ ಗಿರಾಕಿಯ ಖಾತೆಯಿಂದ, ಗಿರಾಕಿಯ ವಿಳಾಸಕ್ಕೆ. ಕಳಿಸುವ ಮೊದಲು ಒಂದಕ್ಕೊಂದು ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಕನೆಕ್ಟರು, ರಿಲೇ, ಮಾಡ್ಯೂಲು ಎಲ್ಲ ಅದರ ಮೇಲಿಟ್ಟು ನೋಡುವುದು. ಇಎಸ್‌ಪಿ32 ಆಂಟೆನಾ ಬೋರ್ಡಿನ ಅಂಚಿನಾಚೆ ಇರಬೇಕು, ಕೆಳಗೆ ತಾಮ್ರ ಇರಬಾರದು. ಐಓ12ಕ್ಕೆ ಪುಲ್-ಅಪ್ ಹಾಕಿದರೆ ಬೂಟೇ ಆಗುವುದಿಲ್ಲ, ಫ್ಲ್ಯಾಶಿಗೆ 1.8 ವೋಲ್ಟ್ ಅಂತ ತಿಳ್ಕೊಳ್ತದೆ.

ಪೀಣ್ಯ_ಸಂಜೆಪಾಳಿ
ಡೇಟಾಶೀಟಿನಲ್ಲೇ ಟ್ಯಾಬು ಔಟ್‌ಪುಟ್ ಅಂತ ಬರೆದಿರುತ್ತೆ. ಅದನ್ನು ಓದದೆ ಗಿರಾಕಿ ದುಡ್ಡು ತಗೊಳ್ಳೋದು ಯಾವ ನ್ಯಾಯ? ನೀವು ಮಾಡಿದ ಥರದ ಬೋರ್ಡಿಗೇ ನಾವು ರಾತ್ರಿ 9ರವರೆಗೆ ಕೂತು ತಂತಿ ಎಳೆದು ಸರಿ ಮಾಡೋದು. ಥರ್ಮಲ್ ರಿಲೀಫ್ ಇಡದೇ ಇರೋರೂ ನಿಮ್ಮಂಥ ಲೇಔಟಿನವರೇ.

ಸುರತ್ಕಲ್_ಲೇಔಟ್
ಗಿರಾಕಿಯ ದುಡ್ಡು ಹೋಗಲಿಲ್ಲ, ಹೋದದ್ದು ನನ್ನದು. ತಪ್ಪನ್ನು ಮುಚ್ಚಿಟ್ಟರೆ ಕೇಳಿದ ಹುಡುಗನಿಗೆ ಏನು ಸಿಗ್ತದೆ? ಗಂಟೆಗೆ 99 ರೂಪಾಯಿಯಲ್ಲಿ ಎರಡು ವರ್ಷ ಕೂತರೂ ರೆಸ್ಯೂಮೆಯಲ್ಲಿ ಒಂದು ಸಾಲು. ನನ್ನ 7 ಬೋರ್ಡುಗಳ ಫೈಲು ಸಂದರ್ಶನದಲ್ಲಿ ತೆರೆದು ತೋರಿಸಬಹುದು.

ಪೀಣ್ಯ_ಸಂಜೆಪಾಳಿ
ನೂರಾರು ಕೆಟ್ಟ ಬೋರ್ಡು ಕೈಯಲ್ಲಿ ಹಿಡಿದು ಯಾಕೆ ಕೆಟ್ಟಿತು ಅಂತ ನೋಡಿದವನಿಗೆ ಒಂದು ಸಾಲು ಸಾಕು. ಟೆಸ್ಟ್ ಜಿಗ್ ಮುಂದೆ ಕೂರಿಸಿದರೆ ಇನ್ನೂ ಒಳ್ಳೇದು. ಯಾವ ಪಾಯಿಂಟಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನೋದು ಬಾಯಿಪಾಠ ಆಗುತ್ತೆ.

ಧಾರವಾಡ_ಮೋಟಾರು
ತಮ್ಮಾ, ಮೂರನೇದ್ದರ ಲೆಕ್ಕ ನನ್ನ ಹತ್ರ ಪೂರ್ತಿ ಐತಿ. 14 ಡಬ್ಬಿ ಹೊಲಕ್ಕ ಇಳಿಸೀವಿ, 9 ಇವತ್ತಿಗೂ ನಡದಾವ. ಆ 5 ಯಾಕ ಹೋದುವು ಅನ್ನೋದನ್ನ ತಿಳಕೊಂಡ್ರ ನಿನ್ನ 12,000 ಉಳೀತದ.

ಡಿಓಎಲ್ ಸ್ಟಾರ್ಟರಿನ (ಮೋಟಾರಿಗೆ ನೇರ ಲೈನ್ ಕೊಡೋ ಸ್ಟಾರ್ಟರ್) ಕಾಯಿಲ್ ನಮ್ಮ ಕಡೆ ಎರಡು ಫೇಸಿನ ನಡುವ, 415 ವೋಲ್ಟಿಗೆ ಇರ್ತದ. ಅಂಗಡ್ಯಾಗ ಸಿಗೋ ನೀಲಿ ರಿಲೇ ಮ್ಯಾಲ 250 ವೋಲ್ಟ್ ಎಸಿ, 10 ಆಂಪ್ ಅಂತ ಬರದಿರ್ತದ. 10 ಆಂಪ್ ನೋಡಿ, ಕಾಯಿಲ್ ಅರ್ಧ ಆಂಪೂ ತಗೊಳ್ಳಂಗಿಲ್ಲ, ಸಾಕು ಅಂತ ಹಾಕಬ್ಯಾಡ. ಇಲ್ಲಿ ಮೀರಿದ್ದು ಆಂಪ್ ಅಲ್ಲ, ವೋಲ್ಟ್. ಬಿಡೋ ಹೊತ್ತಿನ್ಯಾಗ ಕಿಡಿ ಆರಂಗಿಲ್ಲ, ಕಾಂಟ್ಯಾಕ್ಟ್ ಅಂಟಿಕೊಳ್ತಾವ. ಆಮ್ಯಾಲ ಎಷ್ಟ್ ಮೆಸೇಜ್ ಕಳಿಸಿದ್ರೂ ಮೋಟಾರ್ ನಿಲ್ಲಂಗಿಲ್ಲ. ಬೋರಿನ್ಯಾಗ ನೀರ್ ತೀರಿದ ಮ್ಯಾಲೂ ಓಡಿ ವೈಂಡಿಂಗ್ ಸುಡ್ತದ. ಮೋಟಾರ್ ಮ್ಯಾಲ ಎತ್ತಿ ವೈಂಡಿಂಗ್ ಕಟ್ಟಿಸೋ ಖರ್ಚಿನ ಮುಂದ ನಿನ್ನ ಡಬ್ಬಿ ರೊಕ್ಕ ಏನೂ ಅಲ್ಲ.

230 ವೋಲ್ಟ್ ಕಾಯಿಲ್ ಹಾಕೋಣಂದ್ರ ಎಷ್ಟೋ ಹೊಲದಾಗ ನ್ಯೂಟ್ರಲ್ಲೇ ಇರಂಗಿಲ್ಲ. ಅದಕ್ಕ 440 ಪ್ರೈಮರಿ, 12-0-12 ಸೆಕೆಂಡರಿ ಟ್ರಾನ್ಸ್‌ಫಾರ್ಮರ್ ತರಬೇಕು, 2 ಆಂಪಿಂದು. ಎರಡು ತುದಿಯಿಂದ 24 ವೋಲ್ಟ್ ಎಸಿ ಸಿಗ್ತದ. ಅದರ ಮ್ಯಾಲ 24 ವೋಲ್ಟ್ ಕಾಯಿಲಿನ ಸಣ್ಣ ಕಾಂಟ್ಯಾಕ್ಟರ್ (ಹೆಚ್ಚು ವೋಲ್ಟ್ ತಡಿಯೋ ರಿಲೇ) ಒಂದು, ಅದರ ಕಾಂಟ್ಯಾಕ್ಟ್ 440ಕ್ಕ ರೇಟ್ ಆಗಿರ್ತಾವ. ನೀಲಿ ರಿಲೇ ಆ 24 ವೋಲ್ಟನ್ನ ಮಾತ್ರ ಮುಟ್ಟಬೇಕು. ನಡುವಿನ ಟ್ಯಾಪಿನಿಂದ ಎರಡು ಡಯೋಡ್ ಹಾಕಿ ಡಿಸಿ ಮಾಡಿ ಬಕ್ ಕನ್ವರ್ಟರಿಗೆ (ವೋಲ್ಟ್ ಇಳಿಸೋ ಸಣ್ಣ ಬೋರ್ಡ್) ಕೊಡೋದು. 1 ಆಂಪಿನ ಟ್ರಾನ್ಸ್‌ಫಾರ್ಮರ್ ತಂದ್ರ ಕಾಂಟ್ಯಾಕ್ಟರ್ ಎಳಿಯೋ ಕ್ಷಣಕ್ಕ ವೋಲ್ಟೇಜ್ ಬಿದ್ದು ಪ್ರೊಸೆಸರ್ ರೀಸೆಟ್ ಆಗ್ತದ. ಮೂರು ಡಬ್ಬಿ ಹಂಗ ಹೋದುವು.

ಸಿಮ್800ಎಲ್ 350ಕ್ಕ ಸಿಗ್ತದಂತ ತರಬ್ಯಾಡ. ಅದು 2ಜಿ, ಜಿಯೋ ಸಿಮ್ ನಡಿಯಂಗಿಲ್ಲ. 3.4ರಿಂದ 4.4 ವೋಲ್ಟ್ ಬೇಡತದ, ಒಂದೊಂದ್ ಸಲ 2 ಆಂಪ್ ಎಳೀತದ. 5 ವೋಲ್ಟ್ ಕೊಟ್ರ ಸಾಯ್ತದ. 4ಜಿ ಮಾಡ್ಯೂಲ್ ಹಾಕು.

ಒಂದು ಡಬ್ಬಿ ಲೆಕ್ಕ: 4ಜಿ ಬೋರ್ಡ್ 1,350, ಇಎಸ್‌ಪಿ32 380, ಟ್ರಾನ್ಸ್‌ಫಾರ್ಮರ್ 480, ಕಾಂಟ್ಯಾಕ್ಟರ್ 450, ರಿಲೇ 160, ಎರಡು ಸಿಟಿ (ಕರೆಂಟ್ ಅಳಿಯೋ ಸುರುಳಿ) 180, ಪ್ಲಾಸ್ಟಿಕ್ ಪೆಟ್ಟಿಗಿ 320, ಬಕ್-ಎಂಓವಿ-ಫ್ಯೂಸ್-ಟರ್ಮಿನಲ್ 280. ಒಟ್ಟು 3,600. ಮಾರಿದ್ದು 5,600. ಉಳದಿದ್ದು 2,000 ಅಂತ ಕಾಣ್ತದ, ಅಲ್ಲ? ಮೊದಲನೇ ವರ್ಷ ಒಂದೇ ಹೊಲಕ್ಕ 11 ಸಲ ಹೋಗಿದ್ದು, ಪೆಟ್ರೋಲ್ 140ರಂಗ 1,540. ಕೈಯಾಗ ಉಳದಿದ್ದು 460.

ಆ 11 ಸಲ ಯಾಕ ಅಂದ್ರ: ರೀಚಾರ್ಜ್ ಮುಗದು ಸಿಮ್ ಬಂದಾಗಿದ್ದು 3, ಕಬ್ಬಿಣದ ಪೆಟ್ಟಿಗ್ಯಾಗ ಆಂಟೆನಾ ಇಟ್ಟು ಸಿಗ್ನಲ್ ಸಿಗದ್ದು 2, ಇರುವಿ-ಹಲ್ಲಿ ಹೊಕ್ಕಿದ್ದು 2, ಸಿಡಿಲು 1, ಟ್ರಾನ್ಸ್‌ಫಾರ್ಮರ್ (ಊರಿಂದು) ರಿಪೇರಿ ಮ್ಯಾಲ ಫೇಸ್ ಅದಲಬದಲಾಗಿ ಮೋಟಾರ್ ಉಲ್ಟಾ ತಿರುಗಿದ್ದು 3. ಉಲ್ಟಾ ತಿರುಗಿದ್ರೂ ನೀರ್ ಸ್ವಲ್ಪ ಬರ್ತಾವ, ರೈತ "ನಿನ್ನ ಡಬ್ಬಿ ಹಾಕಿದ ಮ್ಯಾಲ ನೀರ್ ಕಮ್ಮಿ" ಅಂತಾನ. ಅದಕ್ಕ ಮೂರೂ ಫೇಸಿಗೆ ಆಪ್ಟೋಕಪ್ಲರ್ ಹಾಕಿ ಯಾವುದು ಮೊದಲು ಏರ್ತದ ನೋಡಿ ಕ್ರಮ ತಪ್ಪಿದ್ರ ಚಾಲೂ ಮಾಡಬಾರದು. ಈಗ ವರ್ಷಕ್ಕ 1,200 ಸರ್ವಿಸ್ ಬ್ಯಾರೆ ತಗೊಳ್ತೀವಿ, ಸಿಮ್ ರೀಚಾರ್ಜ್ ಅದರಾಗ. ಡಬ್ಬಿಗಿಂತ ಓಡಾಟಕ್ಕ ರೇಟ್ ಹಚ್ಚೋದು ಮೊದಲು ಕಲಿ.

ಇನ್ನೊಂದು. ಕರೆಂಟ್ ಬಂದ ಕೂಡ್ಲೇ ತಾನಾಗಿ ಚಾಲೂ ಆಗೋ ಹಂಗ ಎಲ್ಲಾರಿಗೂ ಒಂದೇ ಪ್ರೋಗ್ರಾಮ್ ಹಾಕಿದ್ರ ಆರು ಮೋಟಾರ್ ಒಮ್ಮೆಲೇ ಎದ್ದು ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹಾರ್ತದ, ಊರ ಮಂದಿ ನಿನ್ನ ಮನಿಗೆ ಬರ್ತಾರ. ಒಂದೊಂದ್ ಡಬ್ಬಿಗೂ 30 ಸೆಕೆಂಡಿನಿಂದ 5 ನಿಮಿಷದ ತನಕ ಬ್ಯಾರೆ ಬ್ಯಾರೆ ತಡ ಹಾಕು. ಒಣ ಓಟ ಹಿಡಿಯಾಕ ಸಿಟಿ ಕರೆಂಟ್ ನೋಡೋದು: ತುಂಬಿ ಹರಿಯೋವಾಗಿನ ಕರೆಂಟ್ ಬರದಿಟ್ಕೋ, ಅದರ 65 ಶೇಕಡಾಕ್ಕಿಂತ ಕೆಳಗ 8 ಸೆಕೆಂಡ್ ಇದ್ರ ಬಂದ್ ಮಾಡು. ಚಾಲೂ ಆಗೋ ಹೊತ್ತಿನ ಐದಾರು ಪಟ್ಟು ಕರೆಂಟನ್ನ ಮೊದಲ ಕೆಲವು ಸೆಕೆಂಡ್ ಲೆಕ್ಕಕ್ಕ ಹಿಡೀಬ್ಯಾಡ.

ಪೀಣ್ಯ_ಸಂಜೆಪಾಳಿ
5ನೇ ಸೆಮ್ ಹುಡುಗನಿಗೆ 415 ವೋಲ್ಟಿನ ಪೆಟ್ಟಿಗೆ ತೆಗೆಸ್ತಿದೀರಲ್ಲ, ಇದು ಸರೀನಾ? ಒದ್ದೆ ನೆಲ, ಬರಿಗಾಲು, ಅರ್ಥಿಂಗ್ ಇಲ್ಲದ ಸ್ಟಾರ್ಟರ್. ಸತ್ತರೆ ಯಾರು ಹೊಣೆ?

ಧಾರವಾಡ_ಮೋಟಾರು
ನಾ ಒಬ್ಬನ ಹೋಗು ಅಂದೀನೇನು? ನಮ್ಮ 14ಕ್ಕ 14ನ್ನೂ ಲೈಸೆನ್ಸ್ ಇದ್ದ ವೈರ್‌ಮನ್ ಜೋಡಿಸ್ಯಾನ, ಸಲಕ್ಕ 400. ನಾವು ಹಚ್ಚೋದು 24 ವೋಲ್ಟಿನ ಕಡೆ ಮಾತ್ರ. ರಾತ್ರಿ ಪಾಳಿ ಕರೆಂಟಿಗೆ ಹಾವು-ಚೇಳಿನ ನಡುವ ರೈತ ಎದ್ದು ಹೋಗೋದು ನಿಮಗ ಗೊತ್ತಿಲ್ಲ. ಆ ಡಬ್ಬಿ ಬೇಕೇ ಬೇಕು. ಪೀಣ್ಯದಾಗ ಎಸಿ ಕೆಳಗ ಕೂತು ಹೇಳಬ್ಯಾಡ್ರಿ.

ಪೀಣ್ಯ_ಸಂಜೆಪಾಳಿ
ಎಸಿ ಎಲ್ಲಿಂದ ಬಂತು? ತಗಡಿನ ಶೆಡ್ಡು, ಹೊಗೆ ಎಳೆಯೋ ಫ್ಯಾನೂ ಒಂದೇ. ಮತ್ತೆ 400 ವೈರ್‌ಮನ್‌ಗೆ ಕೊಟ್ಟಿದ್ದು ನಿಮ್ಮ 3,600ರ ಲೆಕ್ಕದಲ್ಲಿ ಎಲ್ಲಿದೆ? ಹಾಗಾದ್ರೆ ಉಳಿದಿದ್ದು 60.

ಧಾರವಾಡ_ಮೋಟಾರು
ವೈರ್‌ಮನ್ ರೊಕ್ಕ ರೈತ ಬ್ಯಾರೆ ಕೊಡ್ತಾನ. ಮೊದಲ ಮಾತಿನ್ಯಾಗ ಅದನ್ನ ಹೇಳಬೇಕು, ಆಮ್ಯಾಲ ಹೇಳಿದ್ರ ಜಗಳ.

ವಿಜಯನಗರ_ಪ್ರಾಜೆಕ್ಟ್ಸ್
ಎಲ್ಲರೂ ಸುತ್ತುದಾರೀನೇ ಹೇಳ್ತಿದೀರಾ. ಕೊನೇ ವರ್ಷದವರಿಗೆ ಪ್ರಾಜೆಕ್ಟ್ ಮಾಡಿಕೊಡೋದು ಯಾಕೆ ಯಾರ ಬಾಯಲ್ಲೂ ಬರ್ತಿಲ್ಲ? ಒಂದು ಸೀಸನ್ನಿಗೆ 18 ಪ್ರಾಜೆಕ್ಟ್, ಒಂದಕ್ಕೆ 4,500, ಸಾಮಾನು 1,700, ಉಳಿಕೆ 2,800. ಗುಣಾಕಾರ ಮಾಡಿ ನೋಡಿ, 50,400. ತೊಂದರೆ ಇರೋದು ಡೆಮೊ ದಿನ ಮಾತ್ರ, ಅದಕ್ಕೆ ತಯಾರಿ ಬೇಕು.

ಬ್ರೆಡ್‌ಬೋರ್ಡಲ್ಲಿ ಕೊಡಲೇಬೇಡಿ. ಆಟೋದಲ್ಲಿ ಕಾಲೇಜಿಗೆ ಹೋಗೋಷ್ಟರಲ್ಲಿ ಎರಡು ತಂತಿ ಸಡಿಲ. ಜೀರೋ ಪಿಸಿಬಿ (ಬರೀ ತೂತುಗಳಿರೋ ಸಾದಾ ಬೋರ್ಡು) ಮೇಲೆ ಸೋಲ್ಡರ್ ಮಾಡಿ. ಎಸ್‌ಜಿ90 ಸರ್ವೋಗೆ ಆರ್ಡುಯಿನೋದ 5 ವೋಲ್ಟ್ ಪಿನ್ನಿಂದ ಕೊಡಬೇಡಿ. ತಡೆ ಬಂದಾಗ ಅದು ಎಳೆಯೋ ಕರೆಂಟಿಗೆ ಬೋರ್ಡು ರೀಸೆಟ್ ಆಗುತ್ತೆ. ಬೇರೆ ಸಪ್ಲೈ ಕೊಟ್ಟು ಗ್ರೌಂಡ್ ಮಾತ್ರ ಸೇರಿಸಿ. ಪ್ರದರ್ಶನದ ಹಾಲಲ್ಲಿ 60 ಸ್ಟಾಲು, 60 ಹಾಟ್‌ಸ್ಪಾಟು, 2.4 ಗಿಗಾಹರ್ಟ್ಸ್ ಉಸಿರುಗಟ್ಟಿರುತ್ತೆ. ಕ್ಲೌಡ್ ನಂಬಬೇಡಿ, ಬೋರ್ಡಿನಲ್ಲೇ ವೆಬ್ ಪೇಜ್ ಇಡಿ, ಜೊತೆಗೊಂದು ಎಲ್‌ಸಿಡಿ ಇರಲಿ.

ಬ್ಲೂ ಪಿಲ್ ಬೋರ್ಡ್ (ಎಸ್‌ಟಿಎಂ32 ಚಿಪ್ಪಿಂದು) ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದರೆ ಎಸ್‌ಟಿ-ಲಿಂಕ್ (ಚಿಪ್ಪಿಗೆ ಪ್ರೋಗ್ರಾಮ್ ತುಂಬೋ ಸಾಧನ) ಹಾಕಿ ಐಡಿ ಕೋಡ್ ನೋಡಿ. 2ರಿಂದ ಶುರುವಾದರೆ ಕ್ಲೋನ್ ಚಿಪ್ಪು. 1ರಿಂದ ಶುರುವಾದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಯುಎಸ್‌ಬಿ ಹಿಡೀದಿದ್ದರೆ ಆರ್10 ರೆಸಿಸ್ಟರ್ ನೋಡಿ, 1.5 ಕಿಲೋಓಮ್ ಇರಬೇಕಾದ ಕಡೆ 10 ಹಾಕಿರ್ತಾರೆ. ಮಣ್ಣಿನ ತೇವದ ಎರಡು ಕಡ್ಡಿ ಸೆನ್ಸರ್ ಯಾವಾಗಲೂ ಕರೆಂಟಲ್ಲಿದ್ದರೆ ಎರಡೇ ವಾರದಲ್ಲಿ ತುಕ್ಕು. ಓದೋ ಕ್ಷಣ ಮಾತ್ರ ಒಂದು ಪಿನ್ನಿಂದ ಕರೆಂಟ್ ಕೊಡಿ.

ಲ್ಯಾಬ್_ಬೋಧಕ
ಸರ್, ಇನ್ನೊಬ್ಬರ ಹೆಸರಲ್ಲಿ ಸಲ್ಲಿಸೋ ಪ್ರಾಜೆಕ್ಟ್ ಮಾರೋದನ್ನ ವಿದ್ಯಾರ್ಥಿಗೆ ಸಲಹೆಯಾಗಿ ಕೊಡಬೇಡಿ. ವೈವಾದಲ್ಲಿ ಎದುರಿಗೆ ನಿಂತವರಿಗೆ ಪುಲ್-ಅಪ್ ರೆಸಿಸ್ಟರ್ ಯಾಕಿದೆ ಅಂತ ಗೊತ್ತಿರಲ್ಲ. ಕೊಂಡವರಿಗೆ ವಿದ್ಯೆ ಇಲ್ಲ, ಮಾಡಿಕೊಟ್ಟವರಿಗೆ ಅದೇ ಆರ್‌ಎಫ್‌ಐಡಿ ಹಾಜರಾತಿ 18 ಸಲ. ಸಿಕ್ಕಿಬಿದ್ದರೆ ಇಬ್ಬರ ಭವಿಷ್ಯವೂ ಹೋಗುತ್ತೆ.

ವಿಜಯನಗರ_ಪ್ರಾಜೆಕ್ಟ್ಸ್
60 ಜನಕ್ಕೆ 4 ಕಿಟ್ ಇಟ್ಟು, ಸಂಜೆ 4ಕ್ಕೆ ಲ್ಯಾಬ್ ಬೀಗ ಹಾಕಿ, ಆಮೇಲೆ ಹೊರಗಡೆಯಿಂದ ತಂದರು ಅಂದ್ರೆ ಹೇಗೆ ಸರ್? ಕಲಿಸೋಕೆ ಜಾಗ ಇಲ್ಲದ ಕಡೆ ನಮ್ಮ ಹತ್ರ ಬರ್ತಾರೆ. ನಾನು ಪ್ರತಿಯೊಬ್ಬರಿಗೂ ಎರಡು ಗಂಟೆ ಕೂರಿಸಿ ಸರ್ಕ್ಯೂಟ್ ವಿವರಿಸಿ ಕಳಿಸ್ತೀನಿ.

ಲ್ಯಾಬ್_ಬೋಧಕ
ಕಿಟ್ ಕಡಿಮೆ ಅನ್ನೋದು ನಿಜ, ಬೀಗದ ಮಾತೂ ನಿಜ. ಅದಕ್ಕೆ ಉತ್ತರ ಮಾರಾಟವಲ್ಲ. ಆ ಎರಡು ಗಂಟೆಯ ಪಾಠಕ್ಕೇ ಹಣ ತಗೊಳ್ಳಿ, ಪ್ರಾಜೆಕ್ಟನ್ನು ಅವರ ಕೈಯಲ್ಲೇ ಮಾಡಿಸಿ, ನಾನೇ ಹುಡುಗರನ್ನು ಕಳಿಸ್ತೀನಿ. ತುಮಕೂರಿನವರು ಹತ್ತಿರದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ವಿಚಾರಿಸಿ. ಲ್ಯಾಬ್ ಇರುತ್ತೆ, ನಡೆಸೋರು ಇರಲ್ಲ. ನಮ್ಮ ವಿದ್ಯಾರ್ಥಿಗಳು ಶನಿವಾರ ಅರ್ಧ ದಿನಕ್ಕೆ 700 ತಗೊಂಡು ಹೋಗ್ತಾರೆ. ಮಕ್ಕಳ ಮೋಟಾರ್ ಗಾಡಿಗೆ 9 ವೋಲ್ಟಿನ ಚೌಕ ಬ್ಯಾಟರಿ ಕೊಡಬೇಡಿ, ಅದರ ಒಳತಡೆ ಜಾಸ್ತಿ, ಮೋಟಾರ್ ಎಳೆದ ತಕ್ಷಣ ವೋಲ್ಟೇಜ್ ಕುಸಿಯುತ್ತೆ. ನಾಲ್ಕು ಎಎ ಸೆಲ್ ಹಾಕಿ. ಮತ್ತೆ ಹಾಜರಾತಿ 85 ಶೇಕಡಾ ಬೇಕು ಅನ್ನೋದು ನೆನಪಿರಲಿ. ಬಸ್ಸು ಹಿಡಿಯೋಕೆ ಕೊನೇ ಪಿರಿಯಡ್ ಬಿಟ್ಟು ಬಿಟ್ಟೇ ಪರೀಕ್ಷೆಗೆ ಕೂರಲಾಗದವರನ್ನು ನೋಡಿದೀನಿ.

ಕೆಮ್ನಿಟ್ಸ್_ಕನ್ನಡಿಗ
ಜರ್ಮನಿಯಲ್ಲಿ ಎಂಬೆಡೆಡ್ ಸಿಸ್ಟಮ್ಸ್ ಮಾಸ್ಟರ್ಸ್ ಓದುವವರ ಲೆಕ್ಕ ಹೇಳುತ್ತೇನೆ. ಇಲ್ಲಿ ವರ್ಕ್‌ಸ್ಟುಡೆಂಟ್ ಅಂತ ಕೆಲಸ ಇರುತ್ತದೆ. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ನಮ್ಮಂಥ ಹೊರದೇಶದವರಿಗೆ 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಮಿತಿ. ಗಂಟೆಗೆ 15 ಯೂರೋ, ತಿಂಗಳಿಗೆ 80 ಗಂಟೆ, 1,200 ಯೂರೋ. ಪಿಂಚಣಿಗೆ ಅದರಲ್ಲಿ ಒಂದು ಪಾಲು ಹೋಗುತ್ತದೆ. ಆರೋಗ್ಯ ವಿಮೆ ಕೈಯಿಂದ ಬೇರೆ. ಕೆಲಸ ಹೆಚ್ಚಾಗಿ ಟೆಸ್ಟ್ ಬೆಂಚಿನದು. ಕ್ಯಾನ್ ಬಸ್ (ವಾಹನದ ಕಂಟ್ರೋಲರುಗಳು ಮಾತಾಡಿಕೊಳ್ಳುವ ಎರಡು ತಂತಿ) ಮಾತಾಡದಿದ್ದರೆ ಮೊದಲು ಸಪ್ಲೈ ಆಫ್ ಮಾಡಿ ಎರಡು ತಂತಿಗಳ ನಡುವೆ ಅಳೆಯಿರಿ: 60 ಓಮ್ ಬಂದರೆ ಎರಡೂ ತುದಿಯ 120 ಓಮ್ ಸರಿ ಇವೆ, 120 ಬಂದರೆ ಒಂದು ಇಲ್ಲ, 40 ಬಂದರೆ ಯಾರೋ ಮೂರನೆಯದು ಸೇರಿಸಿದ್ದಾರೆ. ಅರ್ಜಿ ಹಾಕಿದಾಗ ಇಲ್ಲಿನವರು ಕೇಳಿದ್ದು ಅಂಕಪಟ್ಟಿಯಲ್ಲ, ಮಾಡಿದ ಕೋಡು ಎಲ್ಲಿದೆ ಅಂತ.

ಧಾರವಾಡ_ಮೋಟಾರು
ಆ ಹುಡುಗ ಶಿರಾದಾಗಿನ ಪಂಪ್ ಕೇಳ್ಯಾನ, ನೀವು ಯೂರೋ ಎಣಸಾಕತ್ತೀರಿ.

ಕೆಮ್ನಿಟ್ಸ್_ಕನ್ನಡಿಗ
ನಾನೂ ಊರಲ್ಲಿ 8,000 ಹಾಕಿ ನೀರಿನ ಮೀಟರ್ ಮಾಡಿದವನೇ. ಪ್ರತಿ ನಿಮಿಷ ಲೆಕ್ಕವನ್ನು ಇಇಪ್ರಾಮಿನ (ಕರೆಂಟ್ ಹೋದರೂ ಉಳಿಯುವ ಮೆಮೊರಿ) ಒಂದೇ ಜಾಗಕ್ಕೆ ಬರೆಸಿದ್ದೆ. ದಿನಕ್ಕೆ 1,440 ಬರಹ, ಎಟಿಮೆಗಾ328ರ ಮಿತಿ 1,00,000. 70 ದಿನ ತುಂಬುವ ಮೊದಲೇ ಖಾತರಿ ಮುಗಿಯಿತು, ಮಳೆಗಾಲಕ್ಕೆ ಮೀಟರ್ ಕಂಡಕಂಡ ಅಂಕಿ ತೋರಿಸತೊಡಗಿತು. ಕರೆಂಟ್ ಹೋಗುವುದನ್ನು ಹಿಡಿದು ಆ ಕ್ಷಣಕ್ಕೆ ಮಾತ್ರ ಬರೆಯಬೇಕಿತ್ತು. ಆ ಕೋಡನ್ನೂ ಅದರ ತಪ್ಪನ್ನೂ ತೋರಿಸಿಯೇ ಇಲ್ಲಿ ಕೆಲಸ ಸಿಕ್ಕಿದ್ದು. ಹಾಗಾಗಿ ನನ್ನ ಮಾತು ಅವರಿಗೆ ಸಂಬಂಧವಿಲ್ಲದ್ದಲ್ಲ.

ತುಮಕೂರು_ಇಸಿ
ಎಲ್ಲರಿಗೂ ಧನ್ಯವಾದ. ಭಾನುವಾರ ಊರಿಗೆ ಹೋಗಿದ್ದೆ, ಸ್ಟಾರ್ಟರ್ ಕಾಯಿಲ್ ಮೇಲೆ 415 ಅಂತಲೇ ಇದೆ, ನ್ಯೂಟ್ರಲ್ ಇಲ್ಲ. ಯೂನಿಟ್ಟಿನಲ್ಲಿ ಕೇಳಿದೆ, ರಿವರ್ಕಿಗೆ (ವಾಪಸ್ ಬಂದ ಬೋರ್ಡು ಸರಿ ಮಾಡೋದಕ್ಕೆ) ಕಾಸಿಲ್ಲ, ಆದರೆ ಎರಡು ತಿಂಗಳಾದ ಮೇಲೆ ಟೆಸ್ಟಿಂಗಿಗೆ ಕೂರಿಸ್ತಾರಂತೆ. ಅದಕ್ಕೆ ಸೇರೋಣ ಅಂತಿದೀನಿ, ಜೊತೆಗೆ ಒಂದೇ ಒಂದು ಸ್ಟಾರ್ಟರ್, ನಮ್ಮ ದೊಡ್ಡಪ್ಪನ ಹೊಲಕ್ಕೆ. 12,000ದಲ್ಲಿ ಸಾಮಾನು ಯಾವುದು ತಗೊಳ್ಳಲಿ?

ಸುರತ್ಕಲ್_ಲೇಔಟ್
ಟೆಂಪರೇಚರ್ ಹಿಡಿದಿಡುವ ಸ್ಟೇಷನ್ 2,500ರ ಒಳಗೆ, 24 ಮೆಗಾಹರ್ಟ್ಸಿನ 8 ಚಾನೆಲ್ ಲಾಜಿಕ್ ಅನಲೈಸರ್ 800ರ ಆಸುಪಾಸು. ಐ2ಸಿ (ಚಿಪ್ಪುಗಳು ಮಾತಾಡಿಕೊಳ್ಳುವ ತಂತಿ) ಕೈಕೊಟ್ಟಾಗ ಅದು ಒಂದು ರಾತ್ರಿ ಉಳಿಸ್ತದೆ.

ವಿಜಯನಗರ_ಪ್ರಾಜೆಕ್ಟ್ಸ್
25 ವ್ಯಾಟಿನ ಸಾದಾ ಐರನ್ನಲ್ಲಿ ನಾನು 18 ಪ್ರಾಜೆಕ್ಟ್ ಮಾಡಿದೀನಿ. ಸ್ಟೇಷನ್ ದುಡ್ಡು ದಂಡ.

ಪೀಣ್ಯ_ಸಂಜೆಪಾಳಿ
ಸಾದಾ ಐರನ್ನಿಗೆ ಬಿಸಿ ಹಿಡಿದಿಡೋಕೆ ಬರಲ್ಲ. ಸುಮ್ಮನೆ ಇಟ್ಟರೆ ವಿಪರೀತ ಕಾಯುತ್ತೆ, ಗ್ರೌಂಡ್ ಪಿನ್ನು ಮುಟ್ಟಿಸಿದರೆ ತಣ್ಣಗಾಗುತ್ತೆ. ಜೀರೋ ಪಿಸಿಬಿಗೆ ನಡೆಯುತ್ತೆ, ಎರಡು ಲೇಯರ್ ಬೋರ್ಡಿಗೆ ನಡೆಯಲ್ಲ. ಸ್ಟೇಷನ್ನೇ ತಗೊಳ್ಳಿ.

ವಿಜಯನಗರ_ಪ್ರಾಜೆಕ್ಟ್ಸ್
ಕೈ ಚೆನ್ನಾಗಿದ್ದರೆ ಯಾವುದರಲ್ಲೂ ನಡೆಯುತ್ತೆ.

ಧಾರವಾಡ_ಮೋಟಾರು
ಐರನ್ ಜಗಳ ಆಮ್ಯಾಲ ಮಾಡ್ರಿ. ತಮ್ಮಾ, ಮೊದಲು ಮೀಟರ್ ತಗೋ. ಮ್ಯಾಲ ಕ್ಯಾಟ್ ಮೂರು, 600 ವೋಲ್ಟ್ ಅಂತ ಬರದಿರಬೇಕು, ಪ್ರೋಬಿಗೂ ಅದೇ ರೇಟಿಂಗ್ ಇರಬೇಕು. 200 ರೂಪಾಯಿ ಹಳದಿ ಮೀಟರ್ ಲ್ಯಾಬಿಗೆ ಸರಿ, ಹೊಲಕ್ಕ ಒಯ್ಯಬ್ಯಾಡ. ಡಬ್ಬಿ ಮೊದಲು ಮೋಟಾರ್ ಇಲ್ಲದ ಒಂದು ವಾರ ಓಡಿಸು. ಕಾಂಟ್ಯಾಕ್ಟರಿನ ತುದಿಗೆ ಬಲ್ಬ್ ಕಟ್ಟಿ, ದಿನಕ್ಕ 50 ಸಲ ಚಾಲೂ-ಬಂದ್ ಮಾಡಿ ಎಷ್ಟು ಸಲ ತಪ್ಪಿತು ಬರದಿಟ್ಕೋ. ಸಿಮ್ ತಗದು ನೋಡು, ಆಂಟೆನಾ ಕಳಚಿ ನೋಡು, ನಡುವ ಕರೆಂಟ್ ತಗದು ಕೊಡು. ವಾಚ್‌ಡಾಗ್ (ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡ್ರ ತಾನಾಗಿ ರೀಸೆಟ್ ಮಾಡೋದು) ಹಾಕಿದ್ದು ಖರೇ ಎಬ್ಬಸ್ತದೋ ಇಲ್ಲೋ ಅವಾಗ ತಿಳೀತದ. ರೀಸೆಟ್ ಆದಾಗ ಮೋಟಾರ್ ಬಂದ್ ಇರಬೇಕು, ಚಾಲೂ ಅಲ್ಲ, ಅದಕ್ಕ ರಿಲೇ ಪಿನ್ನಿಗೆ ಹೊರಗಿನಿಂದ 10 ಕಿಲೋಓಮ್ ಹಾಕಿ ಬಂದ್ ಕಡೆ ಎಳದಿಡು. ರಿಲೇ ಬೋರ್ಡ್ ಲೋಗೆ ಎಳೀತದೋ ಹೈಗೆ ಎಳೀತದೋ ಮೊದಲು ನೋಡ್ಕೋ.

ದೊಡ್ಡಪ್ಪನ ಹೊಲಕ್ಕ ಹೋಗೋ ದಿನ ವೈರ್‌ಮನ್ ಜೋಡಿ ಹೋಗು. ಸ್ಟಾರ್ಟರ್ ಬಾಗಿಲು ತಗಿಯೋ ಮೊದಲು ಮೂರೂ ಫ್ಯೂಸ್ ತಗದು ನಿನ್ನ ಕಿಸೆದಾಗ ಇಟ್ಕೋ. ಕಟ್ಟೆ ಮ್ಯಾಲ ಇಡಬ್ಯಾಡ, ಯಾರಾರ ಬಂದು ಹಾಕಿಬಿಡ್ತಾರ.